ಮೇಷ್ಟ್ರು ಮೇಷ್ಟ್ರಿಗೆ ಕಲಿಸಿದ್ದು

ಮೇಷ್ಟ್ರುಗಳು ಒಬ್ಬರಿಂದೊಬ್ಬರು ಕಲಿಯಬೇಕಂತೆ. ಇಲಾಖೆ ಹೇಳುತ್ತದೆ, ಡಯಟ್ಟು ಹೇಳುತ್ತದೆ, ತರಬೇತಿಗೆ ಬರುವ ಸಂಪನ್ಮೂಲ ವ್ಯಕ್ತಿಗಳು ಹೇಳುತ್ತಾರೆ. ಅದಕ್ಕೆಂದೇ ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ. ಸುತ್ತಲ ಶಾಲೆಗಳ ಮೇಷ್ಟ್ರು, ಮಿಸ್ಸುಗಳು ಒಂದು ಕಡೆ ಸೇರಬೇಕು, ಒಬ್ಬರು ಮಾದರಿ ಪಾಠ ಮಾಡಬೇಕು, ಉಳಿದವರು ನೋಡಿ ತಮಗೆ ತಿಳಿದದ್ದು ಹೇಳಬೇಕು, ಟೀ ಕುಡಿದು ಏಳಬೇಕು. ಒಳ್ಳೆಯದೇ. ಬೇಡ ಅಂದವರು ಯಾರು?

ನಮ್ಮ ತಕರಾರು ಬೇರೆ ಇದೆ ಗೆಳೆಯರೆ. ಈ ಮೇಷ್ಟ್ರುಗಳು ಆಗಲೇ ಒಬ್ಬರಿಂದೊಬ್ಬರು ಕಲೀತಾ ಇದ್ದಾರೆ. ಅದಕ್ಕೆ ಸುತ್ತೋಲೆ ಬೇಕಿಲ್ಲ, ಟಿ.ಎ. ಡಿ.ಎ. ಬೇಕಿಲ್ಲ, ಹಾಜರಿ ಪುಸ್ತಕಕ್ಕೆ ಸಹಿ ಬೇಕಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ದಿನಾ ಕಲೀತಾರೆ, ದಿನಾ ಕಲಿಸ್ತಾರೆ. ಅಲ್ಲಿ ಯಾವ ಪಾಠ ನಡೀತಿದೆ ಅಂತ ಕೇಳಿದೋರು ಮಾತ್ರ ಇಲ್ಲ.

ಹಿರಿಯ ಪ್ರಾಥಮಿಕ ಶಾಲೆಗೆ, ನಮ್ಮ ಜನ ಇನ್ನೂ ಮಿಡ್ಲ್ ಸ್ಕೂಲು ಅಂತಲೇ ಕರೆಯುವ ಆ ಶಾಲೆಗೆ, ಹೊಸದಾಗಿ ಒಬ್ಬ ಮೇಷ್ಟ್ರು ಬರುತ್ತಾನೆ ಅನ್ನಿ. ಚಿಕ್ಕ ವಯಸ್ಸು. ಡಿ.ಎಡ್. ಮುಗಿಸಿ, ಪರೀಕ್ಷೆ ಬರೆದು, ಆರ್ಡರ್ ಕೈಗೆ ಬರುವ ತನಕ ವರ್ಷಗಟ್ಟಲೆ ಕಾದು ಬಂದವನು. ಮಕ್ಕಳ ಮನೋವಿಜ್ಞಾನ ಓದಿದ್ದಾನೆ. ಮೊದಲ ದಿನ ಹಿರಿಯ ಮೇಷ್ಟ್ರೊಬ್ಬರು ಪಕ್ಕಕ್ಕೆ ಕರೆದು ಹೇಳುತ್ತಾರೆ: "ನೋಡಪ್ಪ, ಆ ಹಿಂದುಗಡೆ ಕೂತಿರೋವು ಕೇರಿಯಿಂದ ಬರ್ತವೆ. ಊಟ, ಬಟ್ಟೆ, ಸ್ಕಾಲರ್‌ಶಿಪ್ಪು ಸಿಗುತ್ತೆ ಅಂತ ಬರ್ತವೆ. ಅವಕ್ಕೆ ತಲೆ ಕೆಡಿಸ್ಕೋಬೇಡ. ಆ ಮುಂದಿನ ಸಾಲಲ್ಲಿ ಚೇರ್ಮನ್ನರ ಮಗ ಇದ್ದಾನೆ ನೋಡು, ಚೆನ್ನಾಗಿ ಓದ್ತಾನೆ." ಇದರಲ್ಲಿ ಒಂದು ವ್ಯಾಕರಣವೂ ಇದೆ. ಮಕ್ಕಳನ್ನು "ಬರ್ತವೆ, ಹೋಗ್ತವೆ" ಅನ್ನೋದು ಪ್ರೀತಿಯಿಂದಲೂ ಉಂಟು, ಅದು ನನಗೂ ಗೊತ್ತು. ಆದರೆ ಅದೇ ಬಾಯಿ, ಅದೇ ಉಸಿರಿನಲ್ಲಿ, ಚೇರ್ಮನ್ನರ ಮಗನಿಗೆ "ಓದ್ತಾನೆ" ಅನ್ನುತ್ತದೆ. ನಪುಂಸಕ ಲಿಂಗ ಯಾರಿಗೆ, ಪುಲ್ಲಿಂಗ ಯಾರಿಗೆ ಅಂತ ಹೊಸಬ ಐದು ನಿಮಿಷದಲ್ಲಿ ಕಲಿತುಬಿಟ್ಟ. ಎರಡು ವರ್ಷದ ಡಿ.ಎಡ್. ಅಲ್ಲಿಗೆ ಮುಗೀತು.

ಆಮೇಲೆ ಉಳಿದ ಪಾಠಗಳು. ಕ್ಲಾಸು ಗುಡಿಸೋಕೆ ಯಾರನ್ನ ಕಳಿಸಬೇಕು, ಮೇಷ್ಟ್ರಿಗೆ ಕುಡಿಯೋ ನೀರು ತರೋಕೆ ಯಾರನ್ನ ಕಳಿಸಬೇಕು. ಈ ಎರಡೂ ಪಟ್ಟಿ ಬೇರೆ ಬೇರೆ, ಒಂದರಲ್ಲಿರೋ ಹೆಸರು ಇನ್ನೊಂದರಲ್ಲಿ ಇರೋದಿಲ್ಲ. ಎಲ್ಲೂ ಬರೆದಿಟ್ಟಿಲ್ಲ. ಕೇಳಿದರೆ "ಹಂಗೇನಿಲ್ವಲ್ಲ ನಮ್ಮಲ್ಲಿ" ಅಂತಾರೆ. ಬರೆದಿಟ್ಟಿದ್ದರೆ ಹರಿದು ಹಾಕಬಹುದಿತ್ತು. ಒಬ್ಬರ ಕಣ್ಣಿಂದ ಇನ್ನೊಬ್ಬರ ಕಣ್ಣಿಗೆ ಹೋಗೋದನ್ನ ಏನು ಮಾಡ್ತೀರಿ?

ಬಾಬಾಸಾಹೇಬರು ತಮ್ಮ ಸತಾರದ ಶಾಲೆಯ ದಿನಗಳನ್ನು ತಾವೇ ಬರೆದಿದ್ದಾರೆ. ಕ್ಲಾಸಿನ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಒಬ್ಬರೇ ಕೂರಬೇಕು. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಅದನ್ನು ದಿನಾ ಸಾಯಂಕಾಲ ಮನೆಗೆ ಹೊತ್ತುಕೊಂಡು ಹೋಗಬೇಕು, ಬೆಳಿಗ್ಗೆ ತರಬೇಕು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದಿದ್ದರೆ ನೀರಿಲ್ಲ. ಇದನ್ನು ನಾವು ಪ್ರತಿ ಏಪ್ರಿಲ್ 14ಕ್ಕೆ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತೇವೆ. ನಾನು ಕೇಳೋದು ಇಷ್ಟು: ಆ ಶಾಲೆಯ ಮೇಷ್ಟ್ರಿಗೆ ಈ ಗೋಣಿತಟ್ಟಿನ ಪಾಠ ಹೇಳಿಕೊಟ್ಟವರು ಯಾರು? ಯಾವ ಪಠ್ಯಪುಸ್ತಕದಲ್ಲಿತ್ತು ಅದು? ತಮಗಿಂತ ಮುಂಚೆ ಅಲ್ಲಿದ್ದವರನ್ನು ನೋಡಿ ಕಲಿತರು. ಅವರು ಅವರ ಹಿಂದಿನವರನ್ನು ನೋಡಿ ಕಲಿತಿದ್ದರು.

ಅದಕ್ಕೂ ಹಿಂದೆ, 1856ರಲ್ಲಿ, ನಮ್ಮ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಅಂತ ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬನಿಗಾಗಿ ಎಲ್ಲರ ಶಾಲೆ ಕೆಡಿಸೋಕಾಗಲ್ಲ ಅನ್ನೋ ಅರ್ಥದ ಉತ್ತರ ಬಂತು. ಆಗಿನ ಜಗಳ ಬಾಗಿಲಿನದು. ಬಾಗಿಲು ತೆರೀತು, ನಾವು ಒಳಗೆ ಬಂದಿದ್ದೇವೆ. ಬಂದ ಮೇಲೆ ಒಳಗೆ ಎಲ್ಲಿ ಕೂರಿಸುತ್ತಾರೆ, ಯಾವ ದನಿಯಲ್ಲಿ ಕರೆಯುತ್ತಾರೆ, ಈಗಿನ ಜಗಳ ಅದರದು. ಇದಕ್ಕೆ ಕಾನೂನು ಇಲ್ಲವಾ? ಇದೆ. ಸಂವಿಧಾನದ 17ನೇ ವಿಧಿ ಇದೆ, 1955ರ ಕಾಯ್ದೆ ಇದೆ, 1989ರ ಕಾಯ್ದೆ ಇದೆ, ಮಗುವಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅನ್ನುವ 2009ರ ಶಿಕ್ಷಣ ಹಕ್ಕಿನ ಕಾಯ್ದೆ ಇದೆ. ಆದರೆ ಏಳನೇ ಕ್ಲಾಸಿನ ಹುಡುಗಿ ಒಂದು ನೋಟದ ಮೇಲೆ ಕೇಸು ಹಾಕೋಕೆ ಆಗುತ್ತಾ?

ನಾನು ಓದಿದ ಮಿಡ್ಲ್ ಸ್ಕೂಲಿನ ಹೆಸರು ಇಲ್ಲಿ ಬೇಡ. ಜೂನ್ ತಿಂಗಳು ಕಳೆದು ಸ್ಕಾಲರ್‌ಶಿಪ್ಪಿನ ಫಾರಂ ಬರುತ್ತಿದ್ದ ಹಾಗೆ ಕ್ಲಾಸಿನಲ್ಲಿ ಒಂದು ಕೂಗು ಏಳುತ್ತಿತ್ತು. "ಎಸ್ಸಿ ಎಸ್ಟಿ ಎಲ್ಲಾ ಎದ್ದು ನಿಲ್ರೋ!" ನಾವು ಏಳುತ್ತಿದ್ದೆವು. ಒಬ್ಬೊಬ್ಬರನ್ನೂ ಬೆರಳಲ್ಲಿ ಎಣಿಸೋರು. ಆದಾಯ ಪ್ರಮಾಣಪತ್ರ ತಂದಿಲ್ಲವಾ, ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರ್ ಎಲ್ಲಿ, ನಿಮ್ಮಪ್ಪನಿಗೆ ಹೆಂಡದ ಅಂಗಡಿಗೆ ಹೋಗೋಕೆ ಟೈಮಿದೆ ತಾಲ್ಲೂಕಾಫೀಸಿಗೆ ಹೋಗೋಕೆ ಇಲ್ಲವಾ, ಅಂತ. ಕೂತ ಮಕ್ಕಳು ನಿಂತ ಮಕ್ಕಳನ್ನು ತಿರುಗಿ ನೋಡುತ್ತಿದ್ದವು. ಅವತ್ತಿನವರೆಗೆ ನನ್ನ ಪಕ್ಕ ಕೂರುತ್ತಿದ್ದವನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ಅವತ್ತು ಗೊತ್ತಾಯಿತು. ವರ್ಷಕ್ಕೆ ಬರುವ ಕೆಲವು ನೂರು ರೂಪಾಯಿಗೆ ಇಷ್ಟು ಬಡ್ಡಿ ಕಟ್ಟಿದ್ದೇವೆ.

ಅದೇ ಶಾಲೆಯಲ್ಲಿ ಆರನೇ ಕ್ಲಾಸಿಗೆ ಒಬ್ಬ ಮಿಸ್ಸಿದ್ದರು. ಅವರು ಯಾರನ್ನೂ ಎಬ್ಬಿಸಿ ನಿಲ್ಲಿಸಲಿಲ್ಲ. ದಾಖಲಾತಿ ಪುಸ್ತಕದಿಂದ ಹೆಸರುಗಳನ್ನು ತಾವೇ ಬರೆದುಕೊಂಡು, ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು, ಯಾವ ಚೀಟಿ ಬೇಕು ಅಂತ ಮೆಲ್ಲಗೆ ಹೇಳಿ ಕಳಿಸುತ್ತಿದ್ದರು. ಗುಡಿಸುವುದಕ್ಕೆ ಹಾಜರಿ ಪುಸ್ತಕದ ನಂಬರಿನ ಪ್ರಕಾರ ಸರದಿ. ಚೇರ್ಮನ್ನರ ಮಗನ ನಂಬರ್ ಬಂದ ದಿನ ಅವನೂ ಪೊರಕೆ ಹಿಡಿದ. ಅವರಪ್ಪ ಬಂದು ಕೂಗಾಡಿದ. ಮಿಸ್ಸು ಪುಸ್ತಕ ತೆಗೆದು ನಂಬರ್ ತೋರಿಸಿದರು, ಅಷ್ಟೆ. ಪ್ರತಿ ಸೋಮವಾರ ಬೆಂಚು ಬದಲಾಯಿಸುತ್ತಿದ್ದರು, ಹಿಂದಿನವರು ಮುಂದೆ, ಮುಂದಿನವರು ಹಿಂದೆ. ಇದಕ್ಕೆ ಅವರಿಗೆ ಒಂದು ಪೈಸೆ ಖರ್ಚಾಗಲಿಲ್ಲ, ಯಾವ ತರಬೇತಿಯೂ ಬೇಕಾಗಲಿಲ್ಲ.

ಈಗ ಹೇಳಿ. ಈ ವಿದ್ಯೆಯನ್ನು ಆ ಮಿಸ್ಸಿನಿಂದ ಯಾರು ಕಲಿತರು? ಗೋಡೆಯಾಚೆ ಏಳನೇ ಕ್ಲಾಸು. ಅಲ್ಲಿ "ಎದ್ದು ನಿಲ್ರೋ" ನಡೆದೇ ಇತ್ತು. ಅವರಿಗೆ ವರ್ಗವಾದ ಮೇಲೆ ಆರನೇ ಕ್ಲಾಸಿಗೂ ಅದೇ ಕೂಗು ವಾಪಸ್ ಬಂತು. ಕೆಟ್ಟದ್ದು ಮೂವತ್ತು ವರ್ಷ ಮೇಷ್ಟ್ರಿಂದ ಮೇಷ್ಟ್ರಿಗೆ ಹರಿದು ಬರುತ್ತದೆ. ಒಳ್ಳೆಯದು ಒಬ್ಬರ ವರ್ಗಾವಣೆ ಆರ್ಡರಿನ ಜೊತೆ ಬಸ್ ಹತ್ತಿ ಹೋಗುತ್ತದೆ. ನಾನು ಸಮಾಲೋಚನಾ ಸಭೆಯ ಮೇಲೆ ಹಾಕುವ ಆಪಾದನೆ ಇದು. ಭಿನ್ನರಾಶಿ ಹೇಗೆ ಹೇಳಿಕೊಡಬೇಕು ಅಂತ ಅಲ್ಲಿ ರಟ್ಟು ಕತ್ತರಿಸಿ ತೋರಿಸುತ್ತಾರೆ. ಮಗುವಿನ ಮರ್ಯಾದೆ ಕಳೆಯದೆ ಫಾರಂ ತುಂಬಿಸೋದು ಹೇಗೆ ಅಂತ ಒಬ್ಬರೂ ತೋರಿಸುವುದಿಲ್ಲ, ಒಬ್ಬರೂ ಕೇಳುವುದಿಲ್ಲ.

ಮೇಷ್ಟ್ರುಗಳ ಕೈಯಲ್ಲಿ ಆಗೋದಿಲ್ಲ ಅನ್ನಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು, ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹಾಗೆ. ಹಾಡಿಯ ಮಕ್ಕಳು, ಕೇರಿಯ ಮಕ್ಕಳು ಇರುವ ತಾಲ್ಲೂಕು ಅದು. ಅಲ್ಲಿ ಬೆಂಚಿಲ್ಲ, ಸಾಲಿಲ್ಲ. ಮಕ್ಕಳು ನೆಲದ ಮೇಲೆ ದುಂಡಗೆ ಕೂರುತ್ತವೆ. ಯಾವ ಗುಂಪಿಗೆ ಹೋಗಬೇಕು ಅನ್ನೋದು ಕಲಿತ ಮೆಟ್ಟಿಲಿನ ಮೇಲೆ, ಹುಟ್ಟಿದ ಬೀದಿಯ ಮೇಲೆ ಅಲ್ಲ. ಆಮೇಲೆ ಸರ್ಕಾರ ಅದನ್ನು 2009ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಮೇಷ್ಟ್ರು ಮೇಷ್ಟ್ರಿಗೆ ಹೇಳಿಕೊಟ್ಟದ್ದು ಆದೇಶವಾಗಿ ಮೇಲಿಂದ ಇಳಿದಾಗ ಅದರ ಜೀವ ಎಷ್ಟು ಉಳೀತು ಅನ್ನೋದು ಬೇರೆ ಮಾತು. ನನಗೆ ಕಾಡೋದು ಇನ್ನೊಂದು. ಆ ದುಂಡು ಮೂರನೇ ಕ್ಲಾಸಿಗೇ ಯಾಕೆ ಮುಗಿಯಬೇಕು? ನಾಲ್ಕಕ್ಕೆ ಬಂದರೆ ಸಾಲು. ಮಿಡ್ಲ್ ಸ್ಕೂಲಿಗೆ ಬಂದರೆ ಮುಂದಿನ ಬೆಂಚು, ಹಿಂದಿನ ಬೆಂಚು. ಮಕ್ಕಳಿಗೆ ಜಾತಿ ಚೆನ್ನಾಗಿ ಅರ್ಥವಾಗುವ ವಯಸ್ಸು ಬಂದಾಗ ಸರಿಯಾಗಿ ದುಂಡು ಒಡೆಯುತ್ತೇವೆ.

ಕಲಿಯದೆ ಉಳಿದರೆ ಏನಾಗುತ್ತದೆ ಅಂತ ನೋಡಬೇಕಾ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ದಲಿತ ಮಕ್ಕಳು. ವಿಡಿಯೋ ಹೊರಗೆ ಬಂತು, ಅಮಾನತು ಆಯಿತು, ಬಂಧನ ಆಯಿತು. ಅದೇ ತಿಂಗಳು ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಲಿ ಕಕ್ಕಸು ತೊಳೆಸಿದ್ದು ಹೊರಗೆ ಬಂತು. ಟಿ.ವಿ.ಯವರು ನಾಲ್ಕು ದಿನ ಕೂಗಿದರು. ಆದರೆ ಆ ಗುಂಡಿಗೆ ಮಗು ಒಂದೇ ದಿನ ಇಳಿದದ್ದಲ್ಲ. ಮೊದಲು ಅವನ ಕೈಗೆ ಪೊರಕೆ ಕೊಟ್ಟರು. ಆಮೇಲೆ ಬಕೆಟ್ ಕೊಟ್ಟರು. ಪಕ್ಕದ ಕ್ಲಾಸಿನ ಮೇಷ್ಟ್ರು ನೋಡಿ ಸುಮ್ಮನಿದ್ದರು. ನಮ್ಮ ಎಷ್ಟು ಶಾಲೆಗಳು ಈ ದಾರಿಯಲ್ಲಿ ಪೊರಕೆಯ ಹಂತದಲ್ಲಿವೆ, ಎಷ್ಟು ಬಕೆಟ್ಟಿನ ಹಂತದಲ್ಲಿವೆ? ಎಣಿಸಿ ಹೇಳಬಲ್ಲವರು ಮೇಷ್ಟ್ರುಗಳೇ.

ಅವರಿಗೂ ಕಷ್ಟ ಇದೆ, ಇಲ್ಲ ಅಂತ ಯಾರು ಅಂದರು? ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಸ್ಯಾಟ್ಸ್‌ಗೆ ಹೆಸರು ಏರಿಸೋದು, ಚುನಾವಣೆ ಕೆಲಸ. ಏಳು ಕ್ಲಾಸಿಗೆ ಮೂರು ಜನ. 2025ರ ಮೇ ತಿಂಗಳಲ್ಲಿ ನಾಗಮೋಹನ್ ದಾಸ್ ಆಯೋಗದ ಪರಿಶಿಷ್ಟ ಜಾತಿಗಳ ಸಮೀಕ್ಷೆಗೆ ಅವರನ್ನೇ ಕಳಿಸಿದರು, ಸೆಪ್ಟೆಂಬರಿನಲ್ಲಿ ಮತ್ತೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೂ ಅವರೇ. ಮೊಬೈಲ್ ಹಿಡಿದು ಬಿಸಿಲಲ್ಲಿ ಮನೆ ಮನೆ ಅಲೆದರು, ಪಾಪ. ಆದರೆ ಸ್ವಾಮಿ, ಆ ನೆಪದಲ್ಲಾದರೂ ನೀವು ಕೇರಿಯೊಳಗೆ ಬಂದಿರಿ. ನಿಮ್ಮ ಹಿಂದಿನ ಬೆಂಚಿನ ಹುಡುಗ ಯಾವ ಗೋಡೆಗೆ ಒರಗಿ, ಎಷ್ಟು ಬೆಳಕಿನಲ್ಲಿ ಓದುತ್ತಾನೆ ಅಂತ ಕಣ್ಣಾರೆ ಕಂಡಿರಿ. ಅವನ ಅವ್ವ ನಿಮಗೆ ನೀರು ಕೊಡಲೋ ಬೇಡವೋ ಅಂತ ಅನುಮಾನಿಸಿದ್ದನ್ನೂ ಕಂಡಿರಿ. ಮುಂದಿನ ಸಮಾಲೋಚನಾ ಸಭೆಯಲ್ಲಿ ಅದನ್ನು ಒಬ್ಬರಾದರೂ ಎದ್ದು ಹೇಳಿದಿರಾ? ಆ್ಯಪ್ ಹ್ಯಾಂಗ್ ಆಗಿದ್ದನ್ನು ಮಾತ್ರ ಹೇಳಿದಿರಾ?

ಜೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಪ್ರಾಥಮಿಕ ಶಾಲೆಗೆ ಎಂಥ ಮೇಷ್ಟ್ರು ಬೇಕು ಅಂತ ವಿವರಿಸಿದ್ದರು. ಆದಷ್ಟೂ ಬೇಸಾಯಗಾರ ಜನರೊಳಗಿಂದ ತರಬೇತಾದವರು ಬೇಕು, ನೇಗಿಲಿನ ಮೇಣಿ, ಬಡಗಿಯ ಬಾಚಿ ಹಿಡಿಯೋಕೆ ನಾಚದವರು ಬೇಕು, ಕೆಳಗಿನ ಜನರ ಜೊತೆ ಬೆರೆಯುವವರು ಬೇಕು. ಸಂಬಳವನ್ನೂ ಹೆಚ್ಚಿಸಿ ಅಂತ ಕೇಳಿದ್ದರು. ಅವರು ಕೇಳಿದ ಮೇಷ್ಟ್ರುಗಳು ಇವತ್ತು ಇದ್ದಾರೆ. ಮೀಸಲಾತಿಯಿಂದ, ಹೋರಾಟದಿಂದ ಬಂದಿದ್ದಾರೆ. ನಮ್ಮವರೇ. ಅವರಿಗೂ ನಾನು ಎರಡು ಮಾತು ಹೇಳಬೇಕು, ಬೇಜಾರಾದರೆ ಆಗಲಿ.

ಅಣ್ಣಂದಿರಾ, ಅಕ್ಕಂದಿರಾ, ಸ್ಟಾಫ್ ರೂಮಿನಲ್ಲಿ "ಅವು ಕೇರಿಯಿಂದ ಬರ್ತವೆ" ಅಂದಾಗ ನೀವು ಪೇಪರ್ ಮುಖಕ್ಕೆ ಹಿಡಿದುಕೊಳ್ಳುತ್ತೀರಿ. ನಿಮ್ಮ ಲೋಟ ಬೇರೆ ಇಟ್ಟದ್ದು ನಿಮಗೆ ಗೊತ್ತು, "ನಾನು ಮನೆಯಿಂದ ಫ್ಲಾಸ್ಕ್ ತರ್ತೀನಿ" ಅಂತ ಅದನ್ನೂ ಮುಚ್ಚಿ ಹಾಕುತ್ತೀರಿ. ಟೌನಿನಲ್ಲಿ ಬಾಡಿಗೆ ಮನೆ ಸಿಗಬೇಕು, ಮಕ್ಕಳ ಮದುವೆ ಆಗಬೇಕು, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಹಿಂದಿನ ಬೆಂಚಿನಲ್ಲಿ ಕೂತು ಏಳನೇ ಕ್ಲಾಸು ದಾಟಿದ ವಿದ್ಯೆ ಇರೋದು ನಿಮ್ಮ ಹತ್ತಿರ. ಯಾವ ಮಾತಿಗೆ ಮಗು ಶಾಲೆ ಬಿಡುತ್ತದೆ, ಯಾವ ಮಾತಿಗೆ ಉಳಿಯುತ್ತದೆ ಅಂತ ಯಾವ ಸಂಪನ್ಮೂಲ ವ್ಯಕ್ತಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಾದರಿ ಪಾಠ ಮಾಡಬೇಕಾದವರು ನೀವು. ಅದನ್ನು ಬಿಟ್ಟು ಜಯಂತಿ ದಿನ ಭಾಷಣ ಮಾಡೋಕೆ ಮಾತ್ರ ನಿಮ್ಮನ್ನು ಕರೆಯುತ್ತಾರೆ, ನೀವೂ ಹೋಗಿ ಮಾಡಿ ಬರುತ್ತೀರಿ.

ಸಂಘಟನೆಯ ಗೆಳೆಯರು ಇಲ್ಲೊಂದು ಕೆಲಸ ಹಿಡಿಯಬೇಕು. ಶಾಲಾಭಿವೃದ್ಧಿ ಸಮಿತಿಯಲ್ಲಿ ನಮ್ಮ ಪೋಷಕರಿಗೂ ಜಾಗ ಇದೆ. ಹೆಸರಿಗೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ, ಅದು ಸಾಕು. ಈ ಸಲ ಸಭೆಗೆ ಹೋದವರು ಕೂತು ಕೇಳಲಿ. ಗುಡಿಸೋ ಸರದಿ ಹಾಜರಿ ನಂಬರಿನ ಮೇಲಿದೆಯಾ? ಇದ್ದರೆ ಗೋಡೆಗೆ ಅಂಟಿಸಿದ ಪಟ್ಟಿ ತೋರಿಸಿ. ಕಕ್ಕಸು ತೊಳೆಯೋರು ಯಾರು, ಅವರಿಗೆ ಕೂಲಿ ಯಾವ ಲೆಕ್ಕದಿಂದ? ಸ್ಕಾಲರ್‌ಶಿಪ್ಪಿನ ಹೆಸರನ್ನು ಕ್ಲಾಸಿನಲ್ಲಿ ಕೂಗಿ ಬರೆದುಕೊಳ್ಳುತ್ತೀರಾ, ಪುಸ್ತಕ ನೋಡಿ ಬರೆದುಕೊಳ್ಳುತ್ತೀರಾ? ಬಿಸಿಯೂಟದಲ್ಲಿ ಬಡಿಸೋರು ಯಾರು, ಸಾಲು ಹೇಗೆ ಕೂರುತ್ತದೆ? ಕ್ಲಸ್ಟರಿನ ಸಿ.ಆರ್.ಪಿ.ಗೆ ಒಂದು ಅರ್ಜಿ ಕೊಡಲಿ: ಮುಂದಿನ ಸಮಾಲೋಚನೆಯಲ್ಲಿ ಒಂದು ಗಂಟೆ ಇದೇ ವಿಷಯಕ್ಕೆ ಇಡಿ, ನಮ್ಮ ಕೇರಿಯ ಇಬ್ಬರು ತಾಯಂದಿರು ಬಂದು ಕೂರುತ್ತಾರೆ, ಮಾತಾಡುತ್ತಾರೆ, ಅಂತ. ಅರ್ಜಿಗೆ ಸ್ವೀಕೃತಿ ಸಹಿ ತಪ್ಪದೆ ಹಾಕಿಸಿಕೊಳ್ಳಿ.

ಬಂದ ಉತ್ತರವನ್ನು ಹಾಗೆಯೇ, ತಿದ್ದದೆ, ಬರೆದು ಪತ್ರಿಕೆಗೆ ಕಳಿಸಿ. ಆ ಮಿಸ್ಸಿನಂಥವರು ನಿಮ್ಮ ಊರಿನ ಶಾಲೆಯಲ್ಲಿ ಇದ್ದರೆ ಅವರು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅನ್ನೋದನ್ನೂ ಬಿಡದೆ ಬರೆಯಿರಿ, ಅದನ್ನು ಮೊದಲ ಪುಟಕ್ಕೆ ಹಾಕೋಣ. ಮಗುವಿನ ಹೆಸರು ಮಾತ್ರ ಎಲ್ಲೂ ಬರೆಯಬೇಡಿ.