ಶೂನ್ಯಮಾಸ ಯಾರಿಗೆ?

‘ಆಷಾಢ ಬಂತು, ಶುಭಕಾರ್ಯದ ಮಾತೆತ್ತಬೇಡಿ’ ಅಂತ ಮನೆಯ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದವರೇ. ಮನೆ ಬದಲಿಸುವ ಹಾಗಿಲ್ಲ, ಅತ್ತೆ ಮತ್ತು ಹೊಸ ಸೊಸೆ ಒಂದೇ ಹೊಸಿಲು ದಾಟುವ ಹಾಗಿಲ್ಲ. ತಮಿಳರಿಗೂ ಇಂಥದೇ ಕಟ್ಟು. ಅವರ ತಿಂಗಳು ಆಡಿ. ಎರಡೂ ಒಂದೇ ಅಂತ ತಿಳಿದುಬಿಡುತ್ತೇವೆ. ನನ್ನ ತಕರಾರು ಇಲ್ಲೇ ಇದೆ.

ನಮ್ಮದು ಚಂದ್ರನ ಲೆಕ್ಕ, ಅವರದು ಸೂರ್ಯನದು. ಸೂರ್ಯ ಕರ್ಕಾಟಕ ರಾಶಿಗೆ ಬಂದರೆ ಆಡಿ ಶುರು. 2025ರಲ್ಲಿ ನಮ್ಮ ಆಷಾಢ ಜೂನ್ 26ರಿಂದ ಜುಲೈ 24. ಅವರ ಆಡಿ ಜುಲೈ 17ರಿಂದ ಆಗಸ್ಟ್ 16. ಎರಡಕ್ಕೂ ಸೇರಿದ್ದು ಬರೀ ಎಂಟು ದಿನ! ನಾವು ಶ್ರಾವಣದ ಮುಹೂರ್ತ ಹುಡುಕಲು ಹೊರಟಾಗ ತಮಿಳರ ಮನೆಯಲ್ಲಿ ಇನ್ನೂ ಮೂರು ವಾರ ನಿಷೇಧ. ನಾಗಪುರದಲ್ಲಂತೂ ಇನ್ನಷ್ಟು ತಮಾಷೆ. 1956ರವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಊರಿದು. ಹಿಂದಿಯವರೂ ಮರಾಠಿಯವರೂ ಒಂದೇ ಓಣಿಯಲ್ಲಿದ್ದಾರೆ. ಹಿಂದಿಯವರ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅವರ ಶ್ರಾವಣ ಜುಲೈ 11ಕ್ಕೇ ಬಂದಿತ್ತು. ಮರಾಠಿಯವರದು, ನಮ್ಮ ಹಾಗೆ, 25ಕ್ಕೆ. ಮೇಲಿನ ಆಕಾಶ ಒಂದೇ ತಾನೇ? ಕೆಡುಕು ಆಕಾಶದಲ್ಲಿದ್ದರೆ, ಅದೇನು ಮನೆಮಾತು ಯಾವುದೆಂದು ಕೇಳಿಕೊಂಡು ಒಳಗೆ ಬರುತ್ತದೆಯೇ?

ಹೋಗಲಿ, ತಿಂಗಳು ಅಷ್ಟು ಕೆಟ್ಟದ್ದಾದರೆ ಗುಡಿಗಳು ಯಾಕೆ ತುಂಬುತ್ತವೆ? ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಡಿಯಲ್ಲಿ ತಮಿಳರ ಅಮ್ಮನ ಗುಡಿಗಳಲ್ಲಿ ಅಂಬಲಿ ಹಂಚುತ್ತಾರೆ; ಆಡಿ ಕೃತ್ತಿಕೆಗೆ ಮುರುಗನಿಗೆ ಕಾವಡಿ ಹೊರುತ್ತಾರೆ; ಹದಿನೆಂಟನೆಯ ದಿನ ತುಂಬಿದ ಕಾವೇರಿಗೆ ಪೂಜೆ. ಅದು ನಮ್ಮ ಕೊಡಗಿನ ಮಳೆಯ ನೀರೂ ಹೌದು! ದೇವಿಗೆ ಒಪ್ಪಿದ ತಿಂಗಳು ಸೊಸೆಗೆ ಮಾತ್ರ ಅಶುಭ ಹೇಗಾಯಿತು?

ಬಿತ್ತನೆಯ ಹೊತ್ತಿಗೆ ಮದುವೆಗೆ ಪುರುಸೊತ್ತಿಲ್ಲ, ಆಷಾಢದಲ್ಲಿ ಬಸಿರಾದರೆ ಹೆರಿಗೆ ಬೇಸಿಗೆಗೆ ಬೀಳುತ್ತದೆ ಅಂತ ಕಾರಣ ಕೊಡುವವರಿದ್ದಾರೆ. ನಾಗಪುರದ ವೈಶಾಖ ಕಂಡವರು ಎರಡನೆಯದನ್ನು ಒಪ್ಪಿಯಾರು. ಆದರೆ ಅನುಕೂಲಕ್ಕೆ ಮಾಡಿದ್ದನ್ನು ಅಪಶಕುನ ಮಾಡಿಟ್ಟವರು ಯಾರು? ಹೊಸದಾಗಿ ಮದುವೆಯಾದ ಗೆಳತಿ ತವರಿಗೆ ಹೋಗುವುದಾದರೆ ಅಮ್ಮನ ಕೈಯೂಟಕ್ಕೆ ಹೋಗಲಿ. ಪಂಚಾಂಗ ಅಟ್ಟಿತು ಅಂತ ಕಾಲೇಜು ಬಿಟ್ಟು ತಿಂಗಳುಗಟ್ಟಲೆ ಕೂರುವುದು ಬೇಡ.

ಹಬ್ಬ ಬಿಡಿ ಅಂತ ನಾನು ಹೇಳುತ್ತಿಲ್ಲ. ಆಷಾಢದ ಕೊನೆಯ ಅಮಾವಾಸ್ಯೆ ಆಡಿಯೊಳಗೂ ಬರುತ್ತದೆ. ಅವತ್ತು ತಮಿಳರು ಪಿತೃಗಳಿಗೆ ತರ್ಪಣ ಬಿಡುತ್ತಾರೆ, ಮರಾಠಿಯವರು ದೀಪ ತೊಳೆದು ಪೂಜಿಸುತ್ತಾರೆ, ಹಿಂದಿಯವರಿಗೆ ಹರಿಯಾಲಿ ಅಮಾವಾಸ್ಯೆ, ನಮ್ಮ ಉತ್ತರ ಕರ್ನಾಟಕದವರಿಗೆ ನಾಗರ ಅಮಾಸಿ, ಮೈಸೂರು ಕಡೆಯವರಿಗೆ ಭೀಮನ ಅಮಾವಾಸ್ಯೆ. (ನಾಳೆಯಿಂದ ಶ್ರಾವಣ ಅಂತ ಅವತ್ತೇ ಕೋಳಿಗೂ ಬಾಟಲಿಗೂ ಗತಿ ಕಾಣಿಸುವ ‘ಗಟಾರಿ’ಯವರ ಸುದ್ದಿ ಇಲ್ಲಿ ಬೇಡ.) ಭೀಮನ ಅಮಾವಾಸ್ಯೆಗೆ ಅಣ್ಣತಮ್ಮಂದಿರು ಹೊಸಿಲ ಮೇಲಿಟ್ಟ ಕಡುಬನ್ನು ಮೊಳಕೈಯಿಂದ ಗುದ್ದಿ ಒಳಗಿನ ಕಾಸು ತೆಗೆಯುತ್ತಾರಲ್ಲ, ಆ ಭಂಡಾರ ಒಡೆಯುವ ಗಲಾಟೆ ನಾಗಪುರದ ಬಾಡಿಗೆ ಮನೆಯ ಹೊಸಿಲಲ್ಲೂ ನಡೆಯಲಿ. ಅತ್ತೆ ಸೊಸೆ ಇಬ್ಬರೂ ಅಲ್ಲೇ ನಿಂತು ನೋಡಲಿ.