ಪ್ರಯೋಗಪುಟದಲ್ಲೇ ಉಳಿಯುವ ನಮ್ಮ ಮಕ್ಕಳ ಕನ್ನಡ



ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯವನ್ನು ಕುರಿತು ಹೇಳುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಆ ವಿಧಿಯೂ ಜಾರಿಗೆ ಬಂದಿತು. ಪ್ರಾಥಮಿಕ ಹಂತವನ್ನು ದಾಟಿದ ಮಗುವಿಗೆ ತನ್ನ ನೆಲದ ವಿಷಯವನ್ನು ಕನ್ನಡದಲ್ಲಿ ಓದಲು ಏನಿದೆ? ಈ ಕೊರತೆಯನ್ನು ಅಷ್ಟಿಷ್ಟಾದರೂ ತುಂಬಬಲ್ಲದ್ದು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ.

ಶಾಲೆಯ ಯೋಜನಾಕಾರ್ಯಕ್ಕಾಗಿ ಮಕ್ಕಳು ಅಲ್ಲಿ ಬರೆಯುವುದುಂಟು. ಬರೆದದ್ದು ಮಾತ್ರ ಹೆಚ್ಚಾಗಿ ಅವರವರ ಪ್ರಯೋಗಪುಟದಲ್ಲೇ ನಿಂತುಬಿಡುತ್ತದೆ. ಅಂಕ ಬಂದಿತು, ಕೆಲಸ ಮುಗಿಯಿತು! ಪ್ರಯೋಗಪುಟವು ಬಳಕೆದಾರರ ಹೆಸರಿನ ಕೆಳಗಿರುವ ಕರಡು. ಸಾಮಾನ್ಯ ಹುಡುಕಾಟ ಪ್ರಕಟಿತ ಲೇಖನಗಳನ್ನಷ್ಟೇ ಜಾಲಾಡುವುದರಿಂದ ಓದುಗನಿಗೆ ಅದು ಕಾಣಸಿಗದು. ಹೀಗಾಗಿ ಅದೇ ವಿಷಯವನ್ನು ಇನ್ನೊಬ್ಬ ವಿದ್ಯಾರ್ಥಿ ಮೊದಲಿನಿಂದ ಬರೆಯತೊಡಗುತ್ತಾನೆ.

ಇದಕ್ಕೆ ಉಪಾಯವು ವಿಕಿಯೊಳಗೇ ಇದೆ. ಕುಂಬಳೆಯ ಯಕ್ಷಗಾನ ಪರಂಪರೆಯನ್ನು ಕುರಿತ ಕರಡಿನಲ್ಲಿ ಮಗು 'ಕುಂಬಳೆ', 'ಯಕ್ಷಗಾನ' ಎಂಬ ಪದಗಳನ್ನು ಜೋಡಿ ಚೌಕಾವರಣದಲ್ಲಿಟ್ಟರೆ ಆ ಲೇಖನಗಳಿಗೆ ಕೊಂಡಿ ಬೀಳುತ್ತದೆ. ಆಮೇಲೆ ಪ್ರಕಟಿತ ಲೇಖನದ ಬದಿಯಲ್ಲಿ, ತನಗೆ ಯಾವ ಯಾವ ಪುಟಗಳಿಂದ ಕೊಂಡಿ ಬಂದಿದೆಯೆಂದು ತೋರಿಸುವ ಸಾಧನವನ್ನು ಒತ್ತಿದರೆ ಮಗುವಿನ ಕರಡೂ ಪಟ್ಟಿಯಲ್ಲಿ ಕಾಣುತ್ತದೆ. ಬಳಕೆದಾರರ ಪುಟಗಳನ್ನಷ್ಟೇ ಸೋಸಿ ನೋಡಲೂಬಹುದು. ಕನ್ನಡ ಅಧ್ಯಾಪಕರು ವಾರಕ್ಕೊಮ್ಮೆ 'ಕಾಸರಗೋಡು', 'ಗೋವಿಂದ ಪೈ', 'ಕಯ್ಯಾರ ಕಿಞ್ಞಣ್ಣ ರೈ' ಲೇಖನಗಳಿಗೆ ಹೀಗೆ ಇಣುಕಿದರೆ ಸಾಕು, ಅರ್ಧಕ್ಕೆ ನಿಂತ ಬರಹಗಳು ಕೈಗೆ ಸಿಗುತ್ತವೆ.

ಕರಡು ಹದವಾದ ಮೇಲೆ ನಕಲು ಮಾಡಿ ಹೊಸ ಪುಟಕ್ಕೆ ಅಂಟಿಸುವುದು ಸಲ್ಲದು. ಸ್ಥಳಾಂತರಿಸಬೇಕು. ಸ್ಥಳಾಂತರಿಸಿದರೆ ಪುಟದ ಇತಿಹಾಸವೂ ಜೊತೆಯಲ್ಲೇ ಹೋಗುತ್ತದೆ. ಮೊದಲ ವಾಕ್ಯವನ್ನು ಯಾರು ಬರೆದರೆಂಬ ದಾಖಲೆ ಉಳಿಯುತ್ತದೆ. ಅಂಟಿಸಿದವರ ಹೆಸರಿನಲ್ಲಿ ಮಗುವಿನ ಶ್ರಮ ಮರೆಯಾಗುವುದು ನ್ಯಾಯವೇ? (ದಾಖಲೆಯಲ್ಲಿರುವುದು ಬಳಕೆಯ ಹೆಸರು ಮಾತ್ರವಿರಲಿ; ಮಕ್ಕಳ ನಿಜನಾಮ, ಶಾಲೆ, ಭಾವಚಿತ್ರ ಬೇಡ.)

ಆಧಾರವಿಲ್ಲದ ಬರಹವು ಅಲ್ಲಿ ನಿಲ್ಲದು. ಅಜ್ಜಿ ಹೇಳಿದ ಸ್ಥಳಪುರಾಣ ಎಷ್ಟೇ ಸೊಗಸಾಗಿದ್ದರೂ ಪ್ರಕಟವಾದ ಆಕರವೊಂದು ಬೇಕು. ಬಾಯ್ದೆರೆಯ ಸಂಪತ್ತೇ ಹೆಚ್ಚಾಗಿರುವ ನಮ್ಮಂಥವರಿಗೆ ಇದು ಕಠಿಣ ನಿಯಮ. ಆದರೂ ನಾನು ಅದರ ಪಕ್ಷದಲ್ಲಿದ್ದೇನೆ. ಆಕರವನ್ನು ಹುಡುಕಿ ಊರಿನ ಗ್ರಂಥಾಲಯದ ಮೆಟ್ಟಿಲು ಹತ್ತಿದ ಮಗು ನಾಲ್ಕು ಕನ್ನಡ ಪುಸ್ತಕಗಳನ್ನಾದರೂ ತೆರೆದೀತು.

ಪ್ರಕಟವಾದ ಲೇಖನವನ್ನು ವಿಕಿಡೇಟಾದ ಮೂಲಕ ಅದೇ ವಿಷಯದ ಮಲಯಾಳಂ ಲೇಖನಕ್ಕೆ ಜೋಡಿಸಬಹುದು. ಆಗ ಮಲಯಾಳಂ ಪುಟದ ಭಾಷೆಗಳ ಪಟ್ಟಿಯಲ್ಲಿ 'ಕನ್ನಡ' ಎಂಬ ಹೆಸರು ಮೂಡುತ್ತದೆ. ಮಂಜೇಶ್ವರವನ್ನು 'ಮಂಜೇಶ್ವರಂ' ಎಂದೇ ಬಲ್ಲ ನೆರೆಮನೆಯ ಹುಡುಗನಿಗೂ ಈ ಊರಿಗೆ ಇನ್ನೊಂದು ಭಾಷೆಯಿದೆಯೆಂದು ಅಲ್ಲಿ ತಿಳಿಯುತ್ತದೆ. ಈ ಜೋಡಣೆ ಪ್ರಕಟಿತ ಲೇಖನಕ್ಕೆ ಮಾತ್ರ, ಪ್ರಯೋಗಪುಟಕ್ಕೆ ಸಲ್ಲದು.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಕ್ಕಳ ಯೋಜನಾಕಾರ್ಯಕ್ಕೆ ಎಷ್ಟು ಅಂಕ ಬಂದಿತೆಂದು ಕೇಳುವುದರ ಜೊತೆಗೆ, ಅವುಗಳಲ್ಲಿ ಎಷ್ಟು ಲೇಖನಗಳಾಗಿ ಪ್ರಕಟವಾದವೆಂದೂ ದಯವಿಟ್ಟು ಕೇಳಿರಿ.