ಏರಿದ ಗೇರಿನಲ್ಲೇ ಇಳಿಯಬೇಕು

ನಮ್ಮ ಭಾವಮೈದುನ ಹೊಸ ಕಾರು ಕೊಂಡ ಸಂಗತಿ ಈಗ ಬಂಧುವರ್ಗಕ್ಕೆಲ್ಲ ತಿಳಿದಿದೆ. ಅವನು ಅದನ್ನು ‘ಸ್ಪೋರ್ಟ್ಸ್ ಕಾರು’ ಎನ್ನುತ್ತಾನೆ. ನೋಡುವುದಕ್ಕೇನೋ ನಾಲ್ಕು ಬಾಗಿಲಿನ ಸಣ್ಣ ಕಾರೇ. ಹಿಂದೆ ಎರಡು ಹೊಗೆಕೊಳವೆ, ಸೀಟಿಗೆ ಕೆಂಪು ದಾರದ ಹೊಲಿಗೆ, ಇಷ್ಟು ಹೆಚ್ಚು. ಹೆಣ್ಣು ಕೊಟ್ಟ ಮನೆಯವರೊಡನೆ ವಾದ ಬೆಳೆಸಬಾರದೆಂಬ ನಿಯಮವನ್ನು ನಾವು ಮದುವೆಯಾದಂದಿನಿಂದ ಪಾಲಿಸಿಕೊಂಡು ಬಂದವರಾದ್ದರಿಂದ ಸ್ಪೋರ್ಟ್ಸ್ ಕಾರೆಂದೇ ಒಪ್ಪಿಕೊಂಡೆವು.

ಆ ಕಾರಿಗೆ ಕ್ಲಚ್ಚಿಲ್ಲ. ಗೇರು ತಾನಾಗಿಯೇ ಬದಲಾಗುತ್ತದೆ. ಹೀಗಿದ್ದೂ ಸ್ಟೀರಿಂಗ್ ಚಕ್ರದ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಆನೆಮರಿಯ ಕಿವಿಯಂತೆ ಎರಡು ಸಣ್ಣ ಹಿಡಿಗಳಿದ್ದವು. ಬಲದ್ದರ ಮೇಲೆ ಕೂಡುವ ಗುರುತು, ಎಡದ್ದರ ಮೇಲೆ ಕಳೆಯುವ ಗುರುತು.

“ಇದೇನಪ್ಪಾ?” ಎಂದೆವು.

“ಪ್ಯಾಡಲ್ ಶಿಫ್ಟರ್ ಭಾವ. ಬಲಗಡೆಯದನ್ನು ಎಳೆದರೆ ಗೇರು ಒಂದು ಮೇಲೆ. ಎಡಗಡೆಯದನ್ನು ಎಳೆದರೆ ಒಂದು ಕೆಳಗೆ. ಬೆರಳಿನಲ್ಲೇ ಕೆಲಸ.”

ಗೇರು ತಾನೇ ಬೀಳುವ ಕಾರಿಗೆ ಗೇರು ಹಾಕುವ ಹಿಡಿ ಏತಕ್ಕೆ? ಅಡಿಗೆಯವನಿಗೆ ಸಂಬಳ ಕೊಟ್ಟೂ ಒಲೆಯ ಮುಂದೆ ತಾವೇ ನಿಂತ ಹಾಗಾಯಿತಲ್ಲ! ನಮ್ಮ ಪ್ರಶ್ನೆಗೆ ಅವನು “ಅದೊಂದು ಖುಷಿ ಭಾವ” ಎಂದನು. ನಮ್ಮಾಕೆ “ಆಟದ ಸಾಮಾನು” ಎಂದು ತೀರ್ಪಿತ್ತಳು. ನಮ್ಮ ಅಭಿಪ್ರಾಯವೂ ಅದೇ ಆಗಿತ್ತು. ಅದು ಬದಲಾದ ಕಥೆಯನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಈ ಹಿಡಿಗಳು ಹುಟ್ಟಿದುದು ಪಂದ್ಯದ ಮೈದಾನದಲ್ಲಿ. ೧೯೮೯ರಲ್ಲಿ ಇಟಲಿಯ ಫೆರಾರಿಯವರು ಜಾನ್ ಬರ್ನಾರ್ಡ್ ಎಂಬ ಇಂಗ್ಲಿಷ್ ತಜ್ಞ ರೂಪಿಸಿದ ಹೊಸ ಗಾಡಿಯನ್ನು ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿಸಿದರು. ಗೇರಿನ ಕೋಲಿಗಾಗಿ ಚಾಲಕ ಕೈ ತೆಗೆಯಬೇಕಾಗಿರಲಿಲ್ಲ. ಚಕ್ರದ ಹಿಂದಿನ ಹಿಡಿಯನ್ನು ಬೆರಳಿನಿಂದ ಎಳೆದರೆ ಸಾಕು. ಬ್ರೆಜಿಲಿನಲ್ಲಿ ನಡೆದ ಮೊದಲ ಪಂದ್ಯವನ್ನೇ ನೈಜೆಲ್ ಮ್ಯಾನ್ಸೆಲ್ ಆ ಗಾಡಿಯಲ್ಲಿ ಗೆದ್ದನು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ಹಾದಿ ಹಿಡಿದರು. ೧೯೯೭ರಲ್ಲಿ ಫೆರಾರಿಯವರು ರಸ್ತೆಯ ಕಾರಿಗೂ ಅದನ್ನು ಜೋಡಿಸಿದರು. ೨೦೦೫ರಲ್ಲಿ ನಾರಾಯಣ್ ಕಾರ್ತಿಕೇಯನ್, ೨೦೧೦ರಲ್ಲಿ ನಮ್ಮ ಚೆನ್ನೈಯವರೇ ಆದ ಕರುಣ್ ಚಂಧೋಕ್ ಫಾರ್ಮುಲಾ ಒನ್ ಗಾಡಿ ಓಡಿಸಿದಾಗ ಅವರ ಬೆರಳುಗಳೂ ಇಂಥ ಹಿಡಿಗಳ ಮೇಲೆಯೇ ಇದ್ದವು.

ನಮ್ಮೂರಿಗೂ ಈ ವಿದ್ಯೆಗೂ ನಂಟು ಹಳೆಯದು. ಶೋಳಾವರದ ಹಳೆಯ ವಿಮಾನದ ಪಟ್ಟಿಯ ಮೇಲೆ ವರ್ಷಗಟ್ಟಲೆ ಮೋಟಾರು ಪಂದ್ಯಗಳು ನಡೆದುದನ್ನು ಹಿರಿಯ ವಾಚಕರು ಬಲ್ಲರು. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆಯಲ್ಲಿ ಪಂದ್ಯದ ಹಾದಿಯೊಂದು ಸಿದ್ಧವಾಯಿತು. ಅದೇ ಊರಿನ ಹ್ಯುಂಡೈ ಕಾರ್ಖಾನೆಯಿಂದ ೧೯೯೮ರಲ್ಲಿ ಸ್ಯಾಂಟ್ರೋ ಹೊರಬಂದಿತು. ೨೦೨೧ರಲ್ಲಿ ಹೊರಬಂದ ಐ-ಟ್ವೆಂಟಿ ಎನ್ ಲೈನ್ ಎಂಬ ಸಣ್ಣ ಕಾರಿಗೆ ಏಳು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯೊಡನೆ ಈ ಕಿವಿಗಳೂ ಬಂದವು. ಆ ಪೆಟ್ಟಿಗೆಯೊಳಗೆ ಎರಡು ಕ್ಲಚ್ಚುಗಳು: ಒಂದು, ಮೂರು, ಐದು, ಏಳನೆಯ ಗೇರುಗಳಿಗೆ ಒಂದು; ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಒಂದು ಗೇರು ಕೆಲಸ ಮಾಡುತ್ತಿರುವಾಗಲೇ ಮುಂದಿನದು ಪಕ್ಕದಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ನಾವು ಹಿಡಿ ಎಳೆದಾಗ ನೇರವಾಗಿ ಗೇರನ್ನು ಮುಟ್ಟುವುದಿಲ್ಲ. ಒಳಗಿರುವ ಗಣಕಕ್ಕೆ ಅರ್ಜಿ ಸಲ್ಲಿಸುತ್ತೇವೆ, ಅಷ್ಟೆ. ಎಂಜಿನ್ನು ಅಳತೆ ಮೀರಿ ತಿರುಗುವಂತಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಕಚೇರಿಯಲ್ಲಿ ದಿನವೂ ಅರ್ಜಿಗಳ ಗತಿ ನೋಡುವ ನಮಗೆ ಇದು ಬೇಗ ಅರ್ಥವಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ.

ನಮ್ಮ ತಂದೆಯವರು ಸರ್ಕಾರಿ ಸಾರಿಗೆ ಬಸ್ಸಿನ ಚಾಲಕರಾಗಿದ್ದವರು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವ ದಾರಿಯ ತಿರುವು ತಿರುವೂ ಅವರಿಗೆ ಬಾಯಿಪಾಠ. ನಿವೃತ್ತರಾದ ಮೇಲೆ ನಮ್ಮೊಡನೆ ಚೆನ್ನೈಯಲ್ಲಿದ್ದಾರೆ. ಮೂರು ವರ್ಷದ ಹಿಂದೆ ನಾವು ಸ್ನೇಹಿತರೊಬ್ಬರ ಕಾರನ್ನು ಎರವಲು ತಂದು ಅವರನ್ನು ಯೇರ್ಕಾಡಿಗೆ ಕರೆದುಕೊಂಡು ಹೋಗಿದ್ದೆವು. ಅದೂ ಕ್ಲಚ್ಚಿಲ್ಲದ ಕಾರೇ. ಸೇಲಮಿನ ಕಡೆ ಇಳಿಯುವಾಗ ಗೇರಿನ ಕೋಲನ್ನು ‘ಡಿ’ಯಲ್ಲಿ ಬಿಟ್ಟು ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಬ್ರೇಕಿನ ಪೆಡಲು ಹಸಿ ಹಿಟ್ಟಿನಂತೆ ಕಾಲ ಕೆಳಗೆ ಇಳಿದುಹೋಯಿತು. ಕೈಬ್ರೇಕು ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ, ಹೇಗೋ ನಿಲ್ಲಿಸಿದೆವು. ಹಿಂದಿನ ಸೀಟಿನಲ್ಲಿ ನಮ್ಮಾಕೆಯೂ ಮಗುವೂ ಇದ್ದರು.

ತಂದೆಯವರು ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಇಳಿದು ಹೋಗಿ, ಒಂದು ಕಲ್ಲು ತಂದು ಚಕ್ರಕ್ಕೆ ಅಡ್ಡ ಕೊಟ್ಟು, ರಸ್ತೆಯ ಬದಿಯಲ್ಲಿ ಕುಳಿತರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಅಂದಿನಿಂದ ನಾವು ಓಡಿಸುವ ಗಾಡಿಯಲ್ಲಿ ಅವರು ಕೂರಲಿಲ್ಲ. “ನನಗೆ ಬಸ್ಸೇ ಅಭ್ಯಾಸ” ಎನ್ನುವರು. ಅದರ ಅರ್ಥ ಮನೆಯವರಿಗೆಲ್ಲ ಗೊತ್ತಿತ್ತು.

ಮೊನ್ನೆ ತಿರುಪತಿಗೆ ಹರಕೆ ಸಲ್ಲಿಸಬೇಕಾಗಿ ಬಂತು. ಭಾವಮೈದುನ ತನ್ನ ಕಾರಿನಲ್ಲಿ ಕರೆದೊಯ್ಯುವನೆಂದ ಮೇಲೆ ತಂದೆಯವರು ಒಪ್ಪಿದರು. ಹೋಗುವುದೇನೋ ಸುಖವಾಗಿ ಆಯಿತು. ಬೆಟ್ಟದ ಮೇಲೆ ಭಾವಮೈದುನ ಮುಡಿ ಕೊಟ್ಟು, ಬೆಳಗಿನ ಜಾವ ತಣ್ಣೀರು ಸುರಿದುಕೊಂಡನು. ದರ್ಶನವಾಗಿ ಹೊರಗೆ ಬರುವ ಹೊತ್ತಿಗೆ ಮೈ ಕೆಂಡದಂತಿತ್ತು. ಮಾತ್ರೆ ನುಂಗಿ ಹಿಂದಿನ ಸೀಟಿನಲ್ಲಿ ಮುದುಡಿಕೊಂಡನು. ಕಾರು ಇಳಿಸುವವರು ಯಾರು? ಪರವಾನಗಿ ಇರುವುದು ನಮಗೊಬ್ಬರಿಗೇ. ತಂದೆಯವರದು ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮುಗಿದುಹೋಗಿತ್ತು.

ತಂದೆಯವರು ಪ್ರಸಾದದ ಚೀಲವನ್ನು ಕೈಗೆ ತೆಗೆದುಕೊಂಡರು. “ನಾನು ಬಸ್ಸಿನಲ್ಲಿ ಇಳಿಯುತ್ತೇನೆ. ಕೆಳಗೆ ಸಿಕ್ಕೋಣ” ಎಂದರು. ಆಮೇಲೆ ನಮ್ಮಾಕೆಯ ಕಡೆ ನೋಡಿ, “ನೀನೂ ಮಗುವೂ ನನ್ನ ಜೊತೆ ಬನ್ನಿ” ಎಂದರು.

ಈ ಎರಡನೆಯ ಮಾತು ನಮಗೆ ತಾಕಿತು. ಏನು ಹೇಳಬೇಕೋ ತಿಳಿಯದೆ ನಿಂತೆವು. ಆಗ ಹಿಂದಿನ ಸೀಟಿನಿಂದ ನರಳುವ ದನಿ ಬಂತು: “ಮಾವ, ಈ ಗಾಡಿಗೆ ಇಳಿಗೇರು ಹಾಕಬಹುದು. ಎಡಗಡೆ ಕಿವಿ ಎಳೆದರೆ ಆಯಿತು.”

ತಂದೆಯವರು ಚೀಲ ಕೆಳಗಿಟ್ಟರು. ಬಾಗಿಲು ತೆರೆದು ಬಗ್ಗಿ ನೋಡಿದರು. “ಹಾಕಿದ ಗೇರು ನಿಲ್ಲುತ್ತದೆಯೋ, ತಾನೇ ಮೇಲಕ್ಕೆ ಹೋಗುತ್ತದೆಯೋ?” ಎಂದು ಕೇಳಿದರು. ‘ಡಿ’ಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿನ ಮೇಲೆ ತನ್ನಿಷ್ಟಕ್ಕೆ ಮರಳುವುದೆಂದೂ, ಕೋಲನ್ನು ಪಕ್ಕದ ಕೈಗೇರಿನ ಮನೆಗೆ ತಳ್ಳಿದರೆ ನಿಲ್ಲುವುದೆಂದೂ ಉತ್ತರ ಬಂತು. ತಂದೆಯವರು ಒಂದು ನಿಮಿಷ ಯೋಚಿಸಿ, ಬಂದು ಮುಂದಿನ ಸೀಟಿನಲ್ಲಿ ಕುಳಿತರು.

“ಏರಿದ ಗೇರಿನಲ್ಲೇ ಇಳಿಯಬೇಕು. ನಾನು ಹೇಳಿದಾಗ ಹಾಕು” ಎಂದರು.

ಇಳಿಯುವ ದಾರಿ ೧೯೪೪ರಲ್ಲಿ ತೆರೆದ ಹಳೆಯ ಘಾಟಿ ರಸ್ತೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕೆ ಸಲಹೆ ಕೊಟ್ಟಿದ್ದರೆಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಉದ್ದ ಸುಮಾರು ೧೯ ಕಿಲೋಮೀಟರು. ಇಳಿಯಲು ೪೦ ನಿಮಿಷಕ್ಕಿಂತ ಕಡಿಮೆ ಹಿಡಿಯಬಾರದೆಂದು ದೇವಸ್ಥಾನದವರು ನಿಯಮ ಮಾಡಿದ್ದೂ ಉಂಟು.

“ಮೂರು” ಎಂದರು. ಎಳೆದೆವು. ಎಂಜಿನ್ನು ಒಮ್ಮೆ ಗುರ್ರೆಂದಿತು. ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದಂತೆ ಕಾರು ನಿಧಾನವಾಯಿತು. “ಎರಡು” ಎಂದರು. ಬ್ರೇಕು ಮುಟ್ಟದೆಯೇ ಗಾಡಿ ನಡಿಗೆಗೆ ಬಂತು. ನಾಲ್ಕನೆಯ ತಿರುವಿನಲ್ಲಿ ನಾವೊಂದು ತಪ್ಪು ಮಾಡಿದೆವು. ಹಿಡಿಗಳು ಚಕ್ರದೊಡನೆಯೇ ತಿರುಗುತ್ತವಲ್ಲ. ಕೈಗಳು ಅಡ್ಡಾದಿಡ್ಡಿಯಾಗಿ ಬಲದ್ದು ಎಡಕ್ಕೆ ಬಂದಿತ್ತು. ಇಳಿಸಬೇಕಾದ ಗೇರನ್ನು ಏರಿಸಿಬಿಟ್ಟೆವು. ಕಾರು ಮುಂದಕ್ಕೆ ನುಗ್ಗಿತು. ಬ್ರೇಕು ಒತ್ತಿದೆವು, ತಂಪಾಗಿದ್ದ ಬ್ರೇಕು ಕೂಡಲೇ ಹಿಡಿಯಿತು.

“ತಿರುವಿನೊಳಗೆ ಗೇರು ಮುಟ್ಟಬೇಡ. ತಿರುವಿಗೆ ಮುಂಚೆಯೇ ಹಾಕಿ ಮುಗಿಸು” ಎಂದರು ತಂದೆಯವರು, ದನಿ ಏರಿಸದೆ. ಆಮೇಲೆ ತಪ್ಪಲಿಲ್ಲ.

ಇದರ ಲೆಕ್ಕವನ್ನು ನಾವು ಮನೆಗೆ ಬಂದು ಹಾಕಿ ನೋಡಿದೆವು. ಜನರೂ ಸೇರಿ ಕಾರಿನ ತೂಕ ೧೫೦೦ ಕಿಲೋ, ಇಳಿಜಾರಿನ ಎತ್ತರ ಸುಮಾರು ೭೦೦ ಮೀಟರು ಎಂದಿಟ್ಟುಕೊಳ್ಳಿ. ಅಷ್ಟು ಭಾರ ಅಷ್ಟು ಕೆಳಗಿಳಿದಾಗ ಹುಟ್ಟುವ ಶಕ್ತಿ ೩೦ ಲೀಟರು ನೀರನ್ನು ಕುದಿಸಲು ಸಾಕು. ಒಂದು ಹಂಡೆ ನೀರು! ಅಷ್ಟು ಶಾಖವೂ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕಿನ ಮೇಲೆಯೇ ಕಾಲಿಟ್ಟರೆ ಬಹುಪಾಲು ನಾಲ್ಕು ಬ್ರೇಕುಗಳಿಗೆ ಹೋಗುತ್ತದೆ. ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ, ಬ್ರೇಕಿನ ಎಣ್ಣೆ ಕುದಿದು ಪೆಡಲು ಮೆತ್ತಗಾಗುತ್ತದೆ. ಕೆಳಗಿನ ಗೇರಿನಲ್ಲಾದರೋ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು ಅದೇ ತಡೆಯುತ್ತದೆ. ಎಂಜಿನ್ನನ್ನು ತಂಪುಮಾಡಲು ನೀರೂ ಗಾಳಿಯೂ ಇದ್ದೇ ಇವೆ. ಆಕ್ಸಿಲರೇಟರಿನಿಂದ ಕಾಲು ತೆಗೆದಿರುವಾಗ ಈಗಿನ ಕಾರುಗಳು ಎಂಜಿನ್ನಿಗೆ ಪೆಟ್ರೋಲು ಬಿಡುವುದನ್ನೇ ನಿಲ್ಲಿಸುವುದರಿಂದ ಖರ್ಚೂ ಇಲ್ಲ.

ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿದು ಊರಿಗೆ ಹೋಗುವ ವಾಚಕರಿಗೆ ಎರಡು ಮಾತು. ಗೇರಿನಿಂದ ವೇಗ ತಗ್ಗಿಸಿದಾಗ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಹಿಂದೆ ಬರುವವನಿಗೆ ತಿಳಿಯಲೆಂದು ಬ್ರೇಕನ್ನು ಹಗುರವಾಗಿ ಮುಟ್ಟಬೇಕು. ಮಳೆಯಲ್ಲಿ ಒಮ್ಮೆಲೇ ಎರಡು ಗೇರು ಇಳಿಸಿದರೆ ಚಕ್ರ ಜಾರೀತು, ಒಂದೊಂದಾಗಿ ಇಳಿಸಬೇಕು. ಕಿವಿಗಳಿಲ್ಲದ ಕಾರಾದರೂ ಕೋಲಿನ ಬದಿಯಲ್ಲಿ ‘ಎಲ್’ ಎಂದೋ ‘ಎಂ’ ಎಂದೋ ಒಂದು ಮನೆ ಸಾಮಾನ್ಯವಾಗಿ ಇರುತ್ತದೆ. ಯೇರ್ಕಾಡಿನ ದಿನ ನಮ್ಮ ಕೈಯ ಪಕ್ಕದಲ್ಲಿಯೂ ಅದು ಇತ್ತು. ನಾವು ನೋಡಿರಲಿಲ್ಲ, ಅಷ್ಟೆ.

ಅಲಿಪಿರಿ ತಲುಪಿದಾಗ ಗಡಿಯಾರ ನೋಡಿದೆವು: ೪೮ ನಿಮಿಷ. ತಂದೆಯವರು “ನಿಲ್ಲಿಸು” ಎಂದರು. ಇಳಿದು ಮುಂದಿನ ಚಕ್ರದ ಬಳಿ ಬಗ್ಗಿ, ಮುಟ್ಟದೆ, ಅಂಗೈಯನ್ನು ಹತ್ತಿರ ಹಿಡಿದರು. ಬಸ್ಸಿನ ಕಾಲದಲ್ಲಿ ಉಜಿರೆಯಲ್ಲಿ ಹೀಗೆಯೇ ನೋಡುತ್ತಿದ್ದರೆಂದು ನಮ್ಮ ತಾಯಿ ಹೇಳುತ್ತಿದ್ದುದುಂಟು. ನಾವು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕಾದೆವು.

“ಬೆಚ್ಚಗಿದೆ” ಎಂದರು.

ಮುಂದೆ ಚೆನ್ನೈಗೆ ೧೪೦ ಕಿಲೋಮೀಟರು ಇತ್ತು. ಬಸ್ಸಿನ ಮಾತು ಮತ್ತೆ ಬರಲಿಲ್ಲ. ಪುತ್ತೂರು ದಾಟುವ ಮೊದಲೇ ಅವರು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.